ಗಂಟೆ ಎಣಿಸಿದರೆ ಆತಂಕ ಸಿಗದು: ಹದಿಹರೆಯ, ಜಾಲತಾಣ, ಸಂಶೋಧನೆ – ಓದುಗರ ಪ್ರಶ್ನೆಗಳಿಗೆ ಉತ್ತರ

ಹದಿಹರೆಯದವರ ಆತಂಕವನ್ನು ಸಾಮಾಜಿಕ ಜಾಲತಾಣಗಳ ಮೂಲಕ ಅಧ್ಯಯನ ಮಾಡುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಕೇಳಿದವರ ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಎಂ.ಎಸ್ಸಿ. ಮನಃಶಾಸ್ತ್ರದ ಕೊನೆಯ ವರ್ಷದಲ್ಲಿದ್ದೇನೆ. ‘ಇನ್‌ಸ್ಟಾಗ್ರಾಂ ಬಳಕೆ ಮತ್ತು ಪಿಯು ವಿದ್ಯಾರ್ಥಿಗಳ ಆತಂಕ’ ನನ್ನ ಪ್ರಬಂಧದ ವಿಷಯ. ಗೂಗಲ್ ಫಾರ್ಮ್‌ನಲ್ಲಿ ‘ದಿನಕ್ಕೆ ಎಷ್ಟು ಗಂಟೆ ಬಳಸುತ್ತೀರಿ’ ಅಂತ ಒಂದು ಪ್ರಶ್ನೆ, ಜೊತೆಗೆ ಜಿಎಡಿ-7 (ಆತಂಕ ಅಳೆಯುವ ಏಳು ಪ್ರಶ್ನೆಗಳ ಪಟ್ಟಿ). ನೂರು ಜನ ಸಾಕಾಗುತ್ತಾ? (ಧಾರವಾಡ)

ಸಾಕಾಗುವುದಿಲ್ಲ. ಆದರೆ ನೂರಕ್ಕಿಂತ ದೊಡ್ಡ ತೊಂದರೆ ಇರುವುದು ಆ ಗಂಟೆಯ ಪ್ರಶ್ನೆಯಲ್ಲಿ. ಫೋನ್ ಹಿಡಿದು ಕೂತ ಹೊತ್ತನ್ನು ಯಾರೂ ಸರಿಯಾಗಿ ಹೇಳಲಾರರು. ಜನ ಬಾಯಲ್ಲಿ ಹೇಳಿದ ಲೆಕ್ಕವನ್ನೂ ಫೋನೇ ದಾಖಲಿಸಿದ ಲೆಕ್ಕವನ್ನೂ ಹೋಲಿಸಿದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2021ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂತು. ಎರಡರ ನಡುವಿನ ಸಹಸಂಬಂಧ (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ) ಸುಮಾರು 0.38 ಮಾತ್ರ. ‘ನಾನು ಫೋನಿಗೆ ಅಂಟಿಕೊಂಡುಬಿಟ್ಟಿದ್ದೇನೆ’ ಎಂದು ಕೊರಗುವ ಮಗು ಗಂಟೆಯನ್ನು ಹೆಚ್ಚು ಮಾಡಿ ಹೇಳುವ ಸಂಭವವೂ ಇದೆ. ಹಾಗಾದರೆ ನೀವು ಅಳೆದದ್ದು ಬಳಕೆಯನ್ನಲ್ಲ, ಕೊರಗನ್ನೇ. ಅದನ್ನು ಆತಂಕದ ಸ್ಕೋರಿನ ಜೊತೆ ಹೋಲಿಸಿದರೆ ನಂಟು ಕಾಣದೆ ಇನ್ನೇನು?

ಗಂಟೆ ಬೇಕೇ ಬೇಕು ಅಂತಿದ್ದರೆ ಆಂಡ್ರಾಯ್ಡ್‌ನ ‘ಡಿಜಿಟಲ್ ವೆಲ್‌ಬೀಯಿಂಗ್’ ಅಥವಾ ಐಫೋನ್‌ನ ‘ಸ್ಕ್ರೀನ್ ಟೈಮ್’ನಿಂದ ಕಳೆದ ಏಳು ದಿನದ ಸ್ಕ್ರೀನ್‌ಶಾಟ್ ಕೇಳಿ. ‘ಈ ಫೋನನ್ನು ಮನೆಯಲ್ಲಿ ಬೇರೆ ಯಾರಾದರೂ ಬಳಸುತ್ತಾರಾ?’ ಎಂಬ ಪ್ರಶ್ನೆಯನ್ನು ಮರೆಯಬೇಡಿ. ನಮ್ಮಲ್ಲಿ ಪಿಯು ಮಕ್ಕಳ ಕೈಲಿರುವ ಎಷ್ಟೋ ಫೋನ್ ಅಮ್ಮನದು, ಇಲ್ಲವೇ ತಮ್ಮನ ಜೊತೆ ಹಂಚಿಕೊಂಡದ್ದು. ಹೊರದೇಶದ ಪ್ರಶ್ನಾವಳಿಗಳಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಇರುವುದಿಲ್ಲ.

ಈಗ ಸಂಖ್ಯೆ. ಬ್ರಿಟನ್ ಮತ್ತು ಅಮೆರಿಕದ 3,55,358 ಹದಿಹರೆಯದವರ ದತ್ತಾಂಶವನ್ನು ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ 2019ರಲ್ಲಿ ಜಾಲಾಡಿದರು. ಮಕ್ಕಳ ನೆಮ್ಮದಿಯಲ್ಲಿನ ಏರುಪೇರಿನಲ್ಲಿ ಡಿಜಿಟಲ್ ಬಳಕೆ ವಿವರಿಸಿದ್ದು ಹೆಚ್ಚೆಂದರೆ ಶೇ 0.4. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ನಂಟು ಹೆಚ್ಚುಕಡಿಮೆ ಇಷ್ಟೇ ಎಂದು ಅವರೇ ಬರೆದರು. ಶೇ 0.4 ಅಂದರೆ ಸಹಸಂಬಂಧ 0.06ರ ಆಸುಪಾಸು. ಅಷ್ಟು ಸಣ್ಣದನ್ನು ಶೇ 80 ಶಕ್ತಿಯಲ್ಲಿ (ಅಂದರೆ ಹತ್ತರಲ್ಲಿ ಎಂಟು ಸಲ ಕೈಗೆ ಸಿಗುವಂತೆ) ಹಿಡಿಯಲು ಸುಮಾರು ಎರಡು ಸಾವಿರ ಮಕ್ಕಳು ಬೇಕು. 0.2 ಇದ್ದರೆ 194, 0.3 ಇದ್ದರೆ 85. ನಿಮ್ಮ ನೂರರಲ್ಲಿ 0.28ಕ್ಕಿಂತ ಕಡಿಮೆಯದ್ದು ಸಿಕ್ಕರೂ ಅದೃಷ್ಟ, ಸಿಗದಿದ್ದರೂ ಅದೃಷ್ಟ.

ಒಂದು ವರ್ಷದ ಪ್ರಬಂಧಕ್ಕೆ ನಾವು ಹೇಳುವ ದಾರಿ ಬೇರೆ. ಜನ ಕಡಿಮೆ ಇರಲಿ, ಪ್ರತಿಯೊಬ್ಬರನ್ನೂ ಹಲವು ಸಲ ಕೇಳಿ. ನೆದರ್ಲೆಂಡ್ಸ್‌ನ ತಂಡವೊಂದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14–15 ವಯಸ್ಸಿನ 63 ಮಕ್ಕಳಷ್ಟೇ ಇದ್ದರು. ಆದರೆ ಒಂದು ವಾರ, ದಿನಕ್ಕೆ ಆರು ಸಲ ಫೋನಿನಲ್ಲೇ ಪುಟ್ಟ ಪ್ರಶ್ನೆ ಕೇಳಿ 2,155 ಉತ್ತರ ಕಲೆಹಾಕಿದರು. ಬೇರೆಯವರ ಪೋಸ್ಟ್ ನೋಡುತ್ತಾ ಕೂತಾಗ ಶೇ 46ರಷ್ಟು ಮಕ್ಕಳಿಗೆ ಹಿತವೆನಿಸಿತು, ಶೇ 44ರಷ್ಟು ಮಕ್ಕಳಿಗೆ ಏನೂ ಆಗಲಿಲ್ಲ, ಶೇ 10ರಷ್ಟು ಮಕ್ಕಳಿಗೆ ಮನಸ್ಸು ಕೆಟ್ಟಿತು. ಎಲ್ಲರನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ ಆ ಶೇ 10ರಷ್ಟು ಮಕ್ಕಳು ಕಾಣುತ್ತಲೇ ಇರಲಿಲ್ಲ. ನಮಗೆ ಬೇಕಾದವರು ಅವರೇ ತಾನೆ?

ನೀವು 40 ಮಕ್ಕಳನ್ನು ದಿನಕ್ಕೆ ಐದು ಸಲದಂತೆ ಏಳು ದಿನ ಕೇಳಿದರೆ 1,400 ಪ್ರಶ್ನೆಸರದಿ ಆಗುತ್ತದೆ. ಮೂರರಲ್ಲಿ ಎರಡು ಭಾಗಕ್ಕೆ ಉತ್ತರ ಬಂದರೂ ಸಾಕಷ್ಟಾಯಿತು. ಕಾಲೇಜಿನಲ್ಲಿ ಫೋನ್ ಬಿಡುವುದಿಲ್ಲವಾದ್ದರಿಂದ ಬೆಳಿಗ್ಗೆ 7, ಸಂಜೆ 4, 6, 8 ಮತ್ತು ರಾತ್ರಿ 10ಕ್ಕೆ ಸಂದೇಶ ಹೋಗಲಿ. ಪ್ರತಿ ಸಲ ಮೂರೇ ಪ್ರಶ್ನೆ, ಒಂದು ನಿಮಿಷ ದಾಟಬಾರದು: ಈಗ ಎಷ್ಟು ಗಾಬರಿ (0–10), ಕಳೆದ ಒಂದು ಗಂಟೆಯಲ್ಲಿ ಜಾಲತಾಣದಲ್ಲಿ ಏನು ಮಾಡಿದೆ, ಯಾರ ಜೊತೆ. ಲೆಕ್ಕ ಹಾಕುವಾಗ ಪ್ರತಿ ಮಗುವಿನ ಉತ್ತರದಿಂದ ಆ ಮಗುವಿನದೇ ಸರಾಸರಿಯನ್ನು ಕಳೆಯಿರಿ. ಆಗ ಮಗುವನ್ನು ಮಗುವಿನ ಜೊತೆಗೇ ಹೋಲಿಸಿದಂತಾಗುತ್ತದೆ.

ಅಳತೆಗೋಲಿನ ಬಗ್ಗೆ. ಜಿಎಡಿ-7 ಚಿಕ್ಕದು, ಉಚಿತ, ಕನ್ನಡದಲ್ಲೂ ಇದೆ. ಆದರೆ ಅದು ದೊಡ್ಡವರಿಗೆಂದು ಹೊಸೆದದ್ದು, ಸಾಮಾನ್ಯೀಕೃತ ಆತಂಕವನ್ನಷ್ಟೇ (ಎಲ್ಲದರ ಬಗ್ಗೆಯೂ ಬಿಡದೆ ಕಾಡುವ ಚಿಂತೆ) ಮುಖ್ಯವಾಗಿ ನೋಡುತ್ತದೆ. ಜಾಲತಾಣದಲ್ಲಿ ಮಕ್ಕಳನ್ನು ಕಾಡುವುದು ಹೆಚ್ಚಾಗಿ ‘ನಾಲ್ಕು ಜನ ಏನಂದುಕೊಳ್ತಾರೋ’ ಎಂಬ ಭಯ. ಅದಕ್ಕೆ 8ರಿಂದ 18 ವಯಸ್ಸಿನವರಿಗಾಗಿಯೇ ಮಾಡಿದ ‘ಸ್ಕೇರ್ಡ್’ ಒಳ್ಳೆಯದು. 41 ವಾಕ್ಯ, ಪ್ರತಿಯೊಂದಕ್ಕೂ 0–2 ಅಂಕ, 25 ಮುಟ್ಟಿದರೆ ಹೆಚ್ಚಿನ ಪರೀಕ್ಷೆ ಬೇಕು. ಸಾಮಾಜಿಕ ಆತಂಕಕ್ಕೆ, ಶಾಲೆಗೆ ಹೋಗಲು ಹಿಂಜರಿಯುವುದಕ್ಕೆ ಪ್ರತ್ಯೇಕ ಅಂಕ ಸಿಗುತ್ತದೆ. ನೀವೇ ಅನುವಾದಿಸುವುದಾದರೆ ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರಲಿ, ಮೂಲ ಓದಿರದ ಮೂರನೆಯವರು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ. ಆಮೇಲೆ ಐದಾರು ಮಕ್ಕಳನ್ನು ಕೂರಿಸಿಕೊಂಡು ‘ಈ ವಾಕ್ಯ ನಿಂಗೆ ಏನು ಅಂತ ಅನಿಸ್ತು?’ ಎಂದು ಒಂದೊಂದನ್ನೂ ಕೇಳಿ. ಧಾರವಾಡದ ಮಗುವಿಗೆ ಮೈಸೂರು ಕಡೆಯ ವಾಕ್ಯ ಎಡವಟ್ಟಾಗುವುದು ಗೊತ್ತಾಗುವುದು ಈ ಹಂತದಲ್ಲೇ.

ಕಡೆಯದಾಗಿ ತಿಂಗಳು. ಜಿಎಡಿ-7 ಕೇಳುವುದು ಹಿಂದಿನ ಎರಡು ವಾರದ ಬಗ್ಗೆ. ಅರ್ಧ ಮಕ್ಕಳನ್ನು ನವೆಂಬರಿನಲ್ಲೂ ಉಳಿದರ್ಧವನ್ನು ಬೋರ್ಡ್ ಪರೀಕ್ಷೆಯ ಹೊಸ್ತಿಲಲ್ಲೂ ಕೇಳಿದರೆ ನೀವು ಅಳೆದದ್ದು ಇನ್‌ಸ್ಟಾಗ್ರಾಂ ಅಲ್ಲ, ಪರೀಕ್ಷೆ.

ಪ್ರಶ್ನೆ: ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಂನಿಂದ ಕನ್ನಡ ಕಾಮೆಂಟ್ ತೆಗೆದು, ಸ್ನೇಹಿತರಿಂದ ‘ಆತಂಕ ಇದೆ/ಇಲ್ಲ’ ಎಂದು ಗುರುತು ಹಾಕಿಸಿ ಒಂದು ಎಐ ಮಾದರಿ ತಯಾರಿಸಿದ್ದೇವೆ. ಶೇ 92 ನಿಖರತೆ ಬಂದಿದೆ. ಶಾಲೆಗಳಿಗೆ ಕೊಡಬಹುದೇ? (ಮೈಸೂರು, ಬಿ.ಇ. ವಿದ್ಯಾರ್ಥಿಗಳು)

ಕೊಡಬೇಡಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ 13–17 ವಯಸ್ಸಿನವರಲ್ಲಿ ಮಾನಸಿಕ ಕಾಯಿಲೆಗಳೆಲ್ಲ ಸೇರಿ ಪ್ರಮಾಣ ಶೇ 7.3. ಲೆಕ್ಕಕ್ಕೆ ಸಾವಿರಕ್ಕೆ 70 ಎಂದಿಟ್ಟುಕೊಳ್ಳಿ. ‘ಯಾರಿಗೂ ಏನೂ ಆಗಿಲ್ಲ’ ಎಂದು ಕಣ್ಣುಮುಚ್ಚಿ ಹೇಳುವ ಮಾದರಿಗೂ ಶೇ 93 ನಿಖರತೆ ಬರುತ್ತದೆ, ನಿಮ್ಮದಕ್ಕಿಂತ ಒಂದು ಹೆಚ್ಚು. ನಿಮ್ಮ ಮಾದರಿ ಇರುವವರಲ್ಲಿ ಶೇ 80, ಇಲ್ಲದವರಲ್ಲಿ ಶೇ 80 ಸರಿಯಾಗಿ ಹೇಳುತ್ತದೆ ಅಂದುಕೊಂಡರೂ 70ರಲ್ಲಿ 56 ಮಕ್ಕಳು ಸಿಗುತ್ತಾರೆ, ಏನೂ ಇಲ್ಲದ 930ರಲ್ಲಿ 186 ಮಕ್ಕಳಿಗೂ ಹಣೆಪಟ್ಟಿ ಬೀಳುತ್ತದೆ. ಒಟ್ಟು 242 ಮಕ್ಕಳನ್ನು ಹೆಡ್‌ಮಾಸ್ಟರ ಕೋಣೆಗೆ ಕರೆಸಿದರೆ ಅವರಲ್ಲಿ ನಾಲ್ಕಕ್ಕೆ ಮೂವರು ಸುಮ್ಮನೆ ಬಂದವರು. ಅದರಿಂದಲೇ ಅವರಿಗೆ ಆತಂಕ ಶುರುವಾದೀತು.

ಎರಡನೆಯದು, ಗುರುತು ಹಾಕಿದವರು ನಿಮ್ಮ ಸ್ನೇಹಿತರು. ಅವರು ಹೇಳಿದ್ದು ‘ಈ ವಾಕ್ಯ ಓದಿದರೆ ಆತಂಕದ ಹಾಗೆ ಅನಿಸುತ್ತದೆ’ ಎಂದಷ್ಟೇ. ಬರೆದವರ ಮನಸ್ಥಿತಿ ಅವರಿಗೆ ಗೊತ್ತಿಲ್ಲ, ವಯಸ್ಸೂ ಗೊತ್ತಿಲ್ಲ. ‘ರಿಸಲ್ಟ್ ಬಂತು, ಸತ್ತೆ ಕಣೋ’ ಎಂದು ಬರೆದವನು ಆ ಹೊತ್ತಿಗೆ ಗೋಬಿ ಮಂಚೂರಿ ತಿನ್ನುತ್ತಿರಬಹುದು. ನಿಜಕ್ಕೂ ಎದೆ ಢವಗುಟ್ಟಿ ರಾತ್ರಿಯೆಲ್ಲ ಎದ್ದಿರುವ ಹುಡುಗಿ ಏನನ್ನೂ ಬರೆಯದೆ ಸುಮ್ಮನೆ ಸ್ಟೋರಿ ನೋಡುತ್ತಿರಬಹುದು. ಸಾಮಾಜಿಕ ಆತಂಕ ಇರುವ ಮಗು ಕಾಮೆಂಟ್ ಮಾಡುವುದೇ ಕಡಿಮೆ. ನಿಮ್ಮ ಬಲೆಗೆ ಬೀಳದವರೇ ನೀವು ಹುಡುಕುತ್ತಿರುವವರು.

ಸರಿಯಾಗಿ ಮಾಡಿದ್ದು ಹೇಗಿರುತ್ತದೆ ಅನ್ನುವುದಕ್ಕೆ 2018ರ ಅಮೆರಿಕದ ಅಧ್ಯಯನವೊಂದನ್ನು ನೋಡಿ. ಅದು ಆತಂಕದ್ದಲ್ಲ, ಖಿನ್ನತೆಯದ್ದು. 683 ರೋಗಿಗಳ ಒಪ್ಪಿಗೆ ಪಡೆದು ಅವರ ಫೇಸ್‌ಬುಕ್ ಬರಹವನ್ನು ಆಸ್ಪತ್ರೆಯ ದಾಖಲೆಯ ಜೊತೆ ಜೋಡಿಸಿದರು. ಅಷ್ಟೆಲ್ಲ ಮಾಡಿದ ಮೇಲೂ ಮಾದರಿಯ ಗುರುತಿಸುವ ಶಕ್ತಿ 0.69 (ನಾಣ್ಯ ಚಿಮ್ಮಿದರೆ 0.5, ತಪ್ಪೇ ಇಲ್ಲದಿದ್ದರೆ 1). ನಿಮ್ಮ 92 ಎಲ್ಲಿಂದ ಬಂತು ಎಂದು ಅನುಮಾನ ಪಡಿ. ಒಬ್ಬನೇ ಬಳಕೆದಾರನ ಕೆಲವು ಕಾಮೆಂಟ್ ತರಬೇತಿಯ ಕಡೆಗೂ ಕೆಲವು ಪರೀಕ್ಷೆಯ ಕಡೆಗೂ ಹೋಗಿದ್ದರೆ ಮಾದರಿ ಕಲಿತದ್ದು ಅವನ ಶೈಲಿಯನ್ನು. ಕಾಮೆಂಟುಗಳನ್ನಲ್ಲ, ಬಳಕೆದಾರರನ್ನೇ ಎರಡು ಗುಂಪಾಗಿ ಒಡೆದು ಮತ್ತೆ ಓಡಿಸಿ, ಸಂಖ್ಯೆ ಇಳಿಯುತ್ತದೆ.

ಕೆಲಸ ಪೂರಾ ದಂಡವಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಅದರೊಳಗೆ ನುಸುಳಿದ ಇಂಗ್ಲಿಷ್, ಒಂದೇ ಪದಕ್ಕೆ ನಾಲ್ಕು ಕಾಗುಣಿತ, ಇವನ್ನೆಲ್ಲ ಸಂಭಾಳಿಸುವ ಕೆಲಸ ಕನ್ನಡದಲ್ಲಿ ಇನ್ನೂ ಬೇಕಾಗಿದೆ. ಲಿಪ್ಯಂತರಿಸಿದ ಪಠ್ಯದ ಮೇಲೂ ತರಬೇತಿ ಪಡೆದ ‘ಮುರಿಲ್’ನಂಥ ಭಾರತೀಯ ಭಾಷಾ ಮಾದರಿಯಿಂದ ಶುರುಮಾಡಿ, ‘ಆತಂಕದ ಭಾಷೆ ಗುರುತಿಸುವುದು’ ಎಂದಷ್ಟೇ ಹೇಳಿಕೊಳ್ಳಿ, ‘ಆತಂಕ ಗುರುತಿಸುವುದು’ ಎನ್ನಬೇಡಿ.

ಪ್ರಶ್ನೆ: ಒಪ್ಪಿಗೆ ಕೊಟ್ಟ ವಿದ್ಯಾರ್ಥಿಗಳಿಂದ ಅವರ ಇನ್‌ಸ್ಟಾಗ್ರಾಂ ದತ್ತಾಂಶದ ಫೈಲ್ ಪಡೆದೆವು. ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಚಿಹ್ನೆ. ಫೈಲ್ ಕೆಟ್ಟಿದೆಯಾ? (ಮಂಗಳೂರು)

ಕೆಟ್ಟಿಲ್ಲ. ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ ಕೊಡುವ ಜೇಸನ್ (JSON) ಫೈಲುಗಳ ಹಳೇ ಚಾಳಿ ಇದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ಆ ಮೂರನ್ನೂ ಈ ಫೈಲು ಬಿಡಿಬಿಡಿ ಲ್ಯಾಟಿನ್ ಅಕ್ಷರಗಳೆಂದು ಬರೆದಿಡುತ್ತದೆ. ಅದಕ್ಕೇ ಎಲ್ಲ ಕಡೆ ತಲೆಯ ಮೇಲೆ ಗೀಟಿರುವ ‘ಎ’ ಚಿಹ್ನೆ, ಅದರ ಹಿಂದೆ ಪುಟ್ಟ 2 ಅಥವಾ 3 ಕಾಣುವುದು. ಮೊದಲು ಫೈಲನ್ನು ಜೇಸನ್ ಆಗಿ ಓದಿಕೊಳ್ಳಿ, ಆಮೇಲೆ ಒಂದೊಂದು ಪಠ್ಯವನ್ನೂ ಲ್ಯಾಟಿನ್-1 ಆಗಿ ಎನ್‌ಕೋಡ್ ಮಾಡಿ ಯುಟಿಎಫ್-8 ಆಗಿ ಡಿಕೋಡ್ ಮಾಡಿ. ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಎಮೋಜಿಗಳೂ ಸರಿಹೋಗುತ್ತವೆ.

ಅಲ್ಲಿಗೇ ನಿಲ್ಲಬೇಡಿ. ‘ೋ’ದಂಥ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ತುಂಡುತುಂಡಾಗಿಯೂ ಬರೆಯಬಹುದಾದ್ದರಿಂದ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ತನ್ನಿ. ಇಲ್ಲವಾದರೆ ಒಂದೇ ಪದ ಎರಡಾಗಿ ಎಣಿಕೆಯಾಗುತ್ತದೆ. ಎಮೋಜಿ ತೆಗೆಯುವ ಸಿದ್ಧ ಕೋಡ್‌ಗಳು ಕಣ್ಣಿಗೆ ಕಾಣದ ಜೋಡಕ ಸಂಕೇತಗಳನ್ನೂ ಉಜ್ಜಿಹಾಕುತ್ತವೆ. ಆಗ ‘ರ್‍ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ. ಪರೀಕ್ಷೆಯ ಆತಂಕ ಹುಡುಕುವವರಿಗೆ ಕೈತಪ್ಪಬಾರದ ಪದ ಅದು.

ಸಮಯದ ಮೇಲೂ ಕಣ್ಣಿರಲಿ. ಆ ಫೈಲುಗಳಲ್ಲಿರುವುದು ಯುಟಿಸಿ ಸಮಯ, ಅಂದರೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ. ನಮ್ಮ ರಾತ್ರಿ 1.30ರ ಲೈಕ್ ಅಲ್ಲಿ ಹಿಂದಿನ ದಿನ ರಾತ್ರಿ 8 ಎಂದಿರುತ್ತದೆ. ಐದೂವರೆ ಗಂಟೆ ಕೂಡಿಸದೆ ನಿದ್ದೆಯ ಬಗ್ಗೆ ತೀರ್ಮಾನ ಬರೆದರೆ ಎಡವಟ್ಟು. ಚಾಟ್ ಫೈಲುಗಳಲ್ಲಿ ಸಮಯ ಮಿಲಿಸೆಕೆಂಡಿನಲ್ಲಿ, ಬೇರೆಯವುಗಳಲ್ಲಿ ಸೆಕೆಂಡಿನಲ್ಲಿ ಇರುತ್ತದೆ. ಚಾಟ್ ಫೈಲು ಮಾತ್ರ ಪಡೆಯದಿದ್ದರೇ ಚೆಂದ, ಅದರಲ್ಲಿ ಒಪ್ಪಿಗೆ ಕೊಡದ ಎದುರಿನವರ ಮಾತೂ ಇರುತ್ತದೆ. ಡೌನ್‌ಲೋಡ್ ಕೋರುವಾಗಲೇ ಲೈಕ್, ಫಾಲೋ, ಸ್ವಂತ ಪೋಸ್ಟ್ ಇಷ್ಟನ್ನೇ ಆರಿಸುವಂತೆ ಮಕ್ಕಳಿಗೆ ತೋರಿಸಿಕೊಡಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಆಪ್ತ ಸಮಾಲೋಚಕಿ. ಒಬ್ಬಳಿಗೆ ಗಾಬರಿ ಶುರುವಾದರೆ ಅವಳ ಗುಂಪಿನ ಇನ್ನಿಬ್ಬರು ಮೂವರಿಗೂ ಆಗುತ್ತದೆ. ಆತಂಕ ಜಾಲತಾಣದ ಮೂಲಕ ಅಂಟುತ್ತದೆಯೇ? ಇದನ್ನು ಅಳೆಯಲು ಸಾಧ್ಯವೇ? (ತುಮಕೂರು)

ಸಾಧ್ಯ, ಆದರೆ ಒಂದೇ ಸಲದ ಸಮೀಕ್ಷೆಯಿಂದ ಆಗದು. ಸ್ನೇಹಿತರಿಬ್ಬರಲ್ಲೂ ಆತಂಕ ಕಂಡರೆ ಮೂರು ಕಾರಣ ಇರಬಹುದು: ಒಬ್ಬರಿಂದ ಒಬ್ಬರಿಗೆ ಬಂದಿರಬಹುದು, ಮೊದಲೇ ಒಂದೇ ಸ್ವಭಾವದವರಾದ್ದರಿಂದ ಸ್ನೇಹಿತರಾಗಿರಬಹುದು, ಇಬ್ಬರಿಗೂ ಅದೇ ಗಣಿತದ ಮೇಷ್ಟ್ರಿರಬಹುದು. ಮೂರನ್ನೂ ಬಿಡಿಸಲು ಕನಿಷ್ಠ ಎರಡು, ಸಾಧ್ಯವಾದರೆ ಮೂರು ಸುತ್ತು ಬೇಕು. ಜೂನ್ ಕೊನೆ, ಅಕ್ಟೋಬರ್, ಜನವರಿ ಎಂದಿಟ್ಟುಕೊಳ್ಳಿ.

ಪ್ರತಿ ಸುತ್ತಿನಲ್ಲಿ ತರಗತಿಯ ಪೂರ್ತಿ ಪಟ್ಟಿ ಕೊಟ್ಟು ‘ಯಾರ ಜೊತೆ ಆನ್‌ಲೈನ್‌ನಲ್ಲಿ ದಿನಾ ಮಾತಾಡ್ತೀಯ?’, ‘ಬೇಜಾರಾದಾಗ ಯಾರಿಗೆ ಮೆಸೇಜ್ ಹಾಕ್ತೀಯ?’ ಎಂಬ ಎರಡು ಪ್ರಶ್ನೆ ಕೇಳಿ. ‘ಐದು ಹೆಸರು ಬರೆ’ ಎಂದು ಮಿತಿ ಹಾಕಬೇಡಿ. ಒಬ್ಬನೇ ಗೆಳೆಯನಿರುವ ಹುಡುಗ ಐದನ್ನು ತುಂಬಲು ನಾಲ್ಕು ಸುಳ್ಳು ಹೆಸರು ಬರೆಯುತ್ತಾನೆ, ನೀವು ಗುರುತಿಸಬೇಕಾದ ಒಂಟಿ ಮಗುವೇ ಸ್ನೇಹದ ನಕ್ಷೆಯಲ್ಲಿ ಮರೆಯಾಗುತ್ತದೆ. ಫಾಲೋವರ್ ಪಟ್ಟಿ ಇದಕ್ಕೆ ಬದಲಾಗದು, ಇಡೀ ತರಗತಿ ಒಬ್ಬರನ್ನೊಬ್ಬರು ಫಾಲೋ ಮಾಡುತ್ತದೆ.

ಹೆಸರಿಲ್ಲದೆ ಈ ಕೆಲಸ ಆಗುವುದಿಲ್ಲ ಅನ್ನುವುದೇ ತೊಡಕು. ಹೆಸರಿಗೊಂದು ಸಂಖ್ಯೆ ಕೊಟ್ಟು, ಹೆಸರು–ಸಂಖ್ಯೆಯ ಪಟ್ಟಿಯನ್ನು ಉತ್ತರಗಳಿಂದ ಬೇರೆಯಾಗಿ ಬೀಗದಲ್ಲಿಡಿ. ಒಪ್ಪಿಗೆ ಕೊಡದ ಮಗುವನ್ನು ಬೇರೆಯವರು ಹೆಸರಿಸಿದರೆ ಆ ಸಾಲನ್ನು ಅಳಿಸಲೇಬೇಕು. ಹಾಗೆ ಅಳಿಸಿ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹೋದರೆ ನಕ್ಷೆಯ ಮೇಲೆ ಭರವಸೆ ಇಡಬೇಡಿ. ಲೆಕ್ಕಕ್ಕೆ ‘ಆರ್‌ಸಿಯೆನಾ’ ಎಂಬ ಉಚಿತ ತಂತ್ರಾಂಶವಿದೆ. ಸ್ನೇಹ ಬದಲಾಗುವುದನ್ನೂ ಆತಂಕದ ಸ್ಕೋರ್ ಬದಲಾಗುವುದನ್ನೂ ಅದು ಒಟ್ಟಿಗೆ ನೋಡುತ್ತದೆ. ಎರಡು ಸುತ್ತಿನ ನಡುವೆ ಸ್ನೇಹಗಳು ತೀರಾ ಬದಲಾಗಿದ್ದರೆ (ಎರಡೂ ಸುತ್ತಿನಲ್ಲಿ ಉಳಿದ ಸ್ನೇಹಗಳ ಪಾಲನ್ನು ಹೇಳುವ ಜಕಾರ್ಡ್ ಸೂಚ್ಯಂಕ 0.2ಕ್ಕಿಂತ ಕೆಳಗೆ) ಅದೂ ಕೈಕೊಡುತ್ತದೆ. 40 ಮಕ್ಕಳ ಒಂದೇ ತರಗತಿ ಸಾಲದು, ಹಲವು ತರಗತಿ ಸೇರಿಸಿ.

ನೀವು ಕಂಡದ್ದಕ್ಕೆ ಮನಃಶಾಸ್ತ್ರದಲ್ಲಿ ಒಂದು ಎಳೆ ಸಿಗುತ್ತದೆ. ಇಬ್ಬರು ಗೆಳತಿಯರು ಒಂದೇ ಸಮಸ್ಯೆಯನ್ನು ಮತ್ತೆಮತ್ತೆ ಕೆದಕುತ್ತಾ ಹೋಗುವುದನ್ನು ಅಮಾಂಡಾ ರೋಸ್ 2002ರಿಂದ ಅಧ್ಯಯನ ಮಾಡಿದರು. 2007ರ ಅವರ ತಂಡದ ಬರಹದಂತೆ ಹುಡುಗಿಯರಲ್ಲಿ ಇದರಿಂದ ಸ್ನೇಹವೂ ಗಟ್ಟಿಯಾಗುತ್ತದೆ, ಆತಂಕ ಮತ್ತು ಖಿನ್ನತೆಯ ಲಕ್ಷಣವೂ ಏರುತ್ತದೆ. ಹುಡುಗರಲ್ಲಿ ಸ್ನೇಹ ಮಾತ್ರ ಗಟ್ಟಿಯಾಯಿತು. ‘ಅವಳ ಜೊತೆ ಮಾತಾಡಬೇಡ’ ಎಂದು ಆ ಗುಂಪನ್ನು ಒಡೆಯಲು ಹೋದರೆ ಮಗುವಿನ ಆಸರೆಯನ್ನೇ ಕಿತ್ತಂತೆ. ರಾತ್ರಿ ಹತ್ತರ ಮೇಲಿನ ಆ ವಾಟ್ಸ್ಆ್ಯಪ್ ಮಾತುಕತೆ ಒಂದೇ ಕಡೆ ಸುತ್ತುತ್ತಿದೆಯೇ, ಪರಿಹಾರದ ಕಡೆ ಹೋಗುತ್ತಿದೆಯೇ ಎಂದು ಮಕ್ಕಳನ್ನೇ ಕೇಳುವುದು ಹೆಚ್ಚು ಉಪಯೋಗಕ್ಕೆ ಬಂದೀತು.

ಪ್ರಶ್ನೆ: ಖಾತೆ ಸಾರ್ವಜನಿಕವಾಗಿದ್ದರೆ ಒಪ್ಪಿಗೆ ಬೇಕಿಲ್ಲ ಅಲ್ಲವೇ? ಹದಿಹರೆಯದ ಹುಡುಗಿಯ ಹೆಸರಲ್ಲಿ ಖಾತೆ ತೆರೆದು ಗುಂಪುಗಳಲ್ಲಿ ಗಮನಿಸುವ ಯೋಚನೆಯಿದೆ. (ಬೆಂಗಳೂರು)

ಬೇಡ. ಸುಳ್ಳು ಖಾತೆ ಜಾಲತಾಣದ ನಿಯಮಕ್ಕೂ ವಿರುದ್ಧ, ಸಂಶೋಧನೆಗೆ ಅನುಮತಿ ಕೊಡುವ ಯಾವ ನೈತಿಕ ಸಮಿತಿಯೂ ಒಪ್ಪಲಿಕ್ಕಿಲ್ಲ. ಸಾರ್ವಜನಿಕ ಪೋಸ್ಟಿನ ಒಂದು ವಾಕ್ಯವನ್ನು ಪ್ರಬಂಧದಲ್ಲಿ ಯಥಾವತ್ ಉದ್ಧರಿಸಿದರೂ ಹುಡುಕಾಟದಲ್ಲಿ ಮಗು ಸಿಕ್ಕಿಬೀಳಬಹುದು. ಮಾತು ಬದಲಿಸಿ ಬರೆಯುವುದೇ ಪದ್ಧತಿ. ಹೆಸರು ತೆಗೆದರೆ ಸಾಕು ಅನ್ನುವವರಿಗೆ 2008ರ ಪ್ರಕರಣ ನೆನಪಿಸಬೇಕು. ಕಾಲೇಜೊಂದರ ವಿದ್ಯಾರ್ಥಿಗಳ ಫೇಸ್‌ಬುಕ್ ದತ್ತಾಂಶವನ್ನು ಹೆಸರಳಿಸಿ ಬಿಡುಗಡೆ ಮಾಡಿದರು, ಅದು ಹಾರ್ವರ್ಡ್ ಎಂದು ಕೆಲವೇ ದಿನದಲ್ಲಿ ಬಯಲಾಯಿತು.

ಪ್ರಶ್ನೆ: ಮಗ ಒಂಬತ್ತನೇ ತರಗತಿ. ‘ಜಾಲತಾಣ ಮತ್ತು ಆತಂಕ’ ಸಂಶೋಧನೆಗೆ ಸಹಿ ಹಾಕಿ ಎಂದು ಶಾಲೆಯಿಂದ ಕಾಗದ ಬಂದಿದೆ. ಏನು ನೋಡಿ ಸಹಿ ಹಾಕಲಿ? (ಶಿವಮೊಗ್ಗ)

ಮೊದಲು ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಸಂಖ್ಯೆ ಇದೆಯೇ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಹೆತ್ತವರ ಸಮ್ಮತಿ ಬೇಕು, ಅದರ ಜೊತೆ 12–18 ವಯಸ್ಸಿನ ಮಗುವಿನ ಲಿಖಿತ ಒಪ್ಪಿಗೆಯೂ ಬೇಕು. ಮುಖ್ಯೋಪಾಧ್ಯಾಯರ ಸಹಿ ಎರಡಕ್ಕೂ ಬದಲಾಗದು. ನೀವು ಸಹಿ ಹಾಕಿ ಮಗ ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಆಮೇಲೆ ಕಾಗದದಲ್ಲಿ ಹುಡುಕಿ: ಯಾವ ಆ್ಯಪಿನಿಂದ ಏನೇನು ತೆಗೆದುಕೊಳ್ಳುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ನಡುವೆ ಬಿಟ್ಟರೆ ಅಳಿಸುತ್ತಾರೆಯೇ, ಶಾಲೆಗೆ ಮಗುವಿನ ಅಂಕ ತೋರಿಸುತ್ತಾರೆಯೇ. ಪಾಸ್‌ವರ್ಡ್ ಕೇಳಿದರೆ ಕಾಗದ ವಾಪಸ್ ಕಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಸಂಶೋಧನೆಗೆ ಅದರಲ್ಲಿ ವಿನಾಯಿತಿ ಇದೆ, ಆದರೆ ಆ ದತ್ತಾಂಶ ಬಳಸಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳುವಂತಿಲ್ಲ ಎಂಬ ಷರತ್ತಿನ ಮೇಲೆ.

ಮಗುವಿನ ಸ್ಕೋರ್ ಹೆಚ್ಚು ಬಂದರೆ ಯಾರು, ಎಷ್ಟು ಹೊತ್ತಿನಲ್ಲಿ ನಿಮಗೆ ತಿಳಿಸುತ್ತಾರೆ ಎಂಬುದು ಬಹಳ ಮುಖ್ಯ. ಖಿನ್ನತೆ ಅಳೆಯುವ, ಸಾವಿನ ಯೋಚನೆಯ ಪ್ರಶ್ನೆಯೂ ಇರುವ ಪಿಎಚ್‌ಕ್ಯೂ-9ನಂಥದ್ದನ್ನು ಹೆಸರಿಲ್ಲದ ಫಾರ್ಮ್‌ನಲ್ಲಿ ಕೇಳಿ, ವಾರದ ಮೇಲೆ ತೆರೆದು ನೋಡುವ ಸಂಶೋಧಕರಿದ್ದಾರೆ. ‘ಹೌದು’ ಎಂದ ಮಗುವನ್ನು ಅವರು ಹುಡುಕುವುದು ಹೇಗೆ? ಲೈಂಗಿಕ ದೌರ್ಜನ್ಯ ಬಯಲಾದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ‘ಎಲ್ಲವೂ ಗೌಪ್ಯ’ ಎಂದಷ್ಟೇ ಬರೆದ ಕಾಗದ ಅಪೂರ್ಣ. ಕೇಳದೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಫೇಸ್‌ಬುಕ್ಕೇ ಉದಾಹರಣೆ. 2012ರ ಜನವರಿಯಲ್ಲಿ ಒಂದು ವಾರ 6,89,003 ಬಳಕೆದಾರರ ನ್ಯೂಸ್‌ಫೀಡ್‌ನಲ್ಲಿ ಸಂತಸದ ಅಥವಾ ಬೇಸರದ ಪೋಸ್ಟ್ ಕಡಿಮೆ ಮಾಡಿ, ಅವರ ಬರಹ ಹೇಗೆ ಬದಲಾಗುತ್ತದೆಂದು ನೋಡಿದರು. 2014ರಲ್ಲಿ ಪ್ರಕಟವಾದಾಗ ಗಲಾಟೆ ಎದ್ದು, ಪ್ರಕಟಿಸಿದ ಪತ್ರಿಕೆಯೇ ಕಳವಳದ ಟಿಪ್ಪಣಿ ಹಾಕಬೇಕಾಯಿತು.

ಪ್ರಶ್ನೆ: ಕಾಲೇಜಿನ ಸಮೀಕ್ಷೆಯಲ್ಲಿ ಮಗಳಿಗೆ ಜಿಎಡಿ-7ರಲ್ಲಿ 12 ಬಂದಿದೆ. ಕಾಯಿಲೆಯೇ? ಫೋನ್ ಕಿತ್ತುಕೊಳ್ಳಲೇ? (ಹಾಸನ)

ಒಟ್ಟು 21ರಲ್ಲಿ 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ತೀವ್ರ ಎಂದು ಲೆಕ್ಕ. 12 ಅಂದರೆ ‘ವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು ಒಮ್ಮೆ ಮಾತಾಡಿಸಲಿ’ ಎಂದಷ್ಟೇ, ರೋಗದ ಹೆಸರಲ್ಲ. ನಿದ್ದೆ, ಊಟ, ಕಾಲೇಜಿಗೆ ಹೋಗುವುದು, ಗೆಳತಿಯರ ಜೊತೆ ಬೆರೆಯುವುದು ಇವುಗಳಲ್ಲಿ ಯಾವುದು ಕೆಟ್ಟಿದೆ ಎಂದು ಬರೆದಿಟ್ಟುಕೊಂಡು ಹೋಗಿ. ಫೋನ್ ಕಿತ್ತುಕೊಳ್ಳಬೇಡಿ, ರಾತ್ರಿ ಅದು ಹಾಸಿಗೆಯಿಂದ ಹೊರಗೆ ಚಾರ್ಜ್ ಆಗಲಿ, ಅಷ್ಟು ಸಾಕು. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಬಳಕೆಯೇ ಮಿತಿಮೀರಿದೆ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದೆ. ಸಾಯುವ ಮಾತು ಬಂದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.